ಕಿಂಡಿ ಮೊದಲು, ಕೋಟೆ ಆಮೇಲೆ

ಪಾತ್ರ ವಹಿಸಿ ಆಡುವ ಆಟಗಳಿಗೆ ನಕ್ಷೆ ಬರೆಯುವವರು ಸಾಮಾನ್ಯವಾಗಿ ಗೋಡೆಯಿಂದ ಶುರು ಮಾಡುತ್ತಾರೆ. ಗ್ರಾಫ್ ಹಾಳೆ ಹರಡಿ ಬುರುಜು, ಬಾಗಿಲು, ಸೆರೆಮನೆ, ನೆಲಮಾಳಿಗೆಯಲ್ಲೊಂದು ಭೂತ ಎಲ್ಲವನ್ನೂ ಕೂರಿಸುತ್ತಾರೆ. ನೋಡಲು ಸೊಗಸು. ಆಟಕ್ಕೆ ಇಳಿದಾಗ ಮಾತ್ರ ಆಟಗಾರರು ರೈಲಿನ ಬೋಗಿ ದಾಟಿದ ಹಾಗೆ ಕೋಣೆಯಿಂದ ಕೋಣೆಗೆ ಹೋಗಿ ಕೊನೆ ಮುಟ್ಟಿಬಿಡುತ್ತಾರೆ.

ಹೊಸಬರಿಗೊಂದು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಈ ಆಟಗಳ ಸಂತಾನ ಬೆಳೆಯಿತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲೆಗೊಂದು ಪಾತ್ರವಾಗುತ್ತಾರೆ, ಅನುಮಾನ ಬಂದಲ್ಲಿ ದಾಳ ತೀರ್ಪು ಕೊಡುತ್ತದೆ. ಪೂರ್ತಿ ನಕ್ಷೆ ಇರುವುದು ಕಥೆ ನಡೆಸುವವರ ಬಳಿ. ಆಟಗಾರರಿಗೆ ನಡೆದಷ್ಟೇ ನೆಲ ಕಾಣುತ್ತದೆ.

ನಕ್ಷೆಯ ವಿದ್ಯೆ ಕಲಿಯಬೇಕೆಂದರೆ ಚಿತ್ರದುರ್ಗದ ಕೋಟೆಯನ್ನೊಮ್ಮೆ ಹತ್ತಿ ಬನ್ನಿ. ಏಳು ಸುತ್ತು, 19 ಬಾಗಿಲು, 38 ದಿಡ್ಡಿ ಎಂದು ಗೈಡುಗಳು ಒಪ್ಪಿಸುವ ಲೆಕ್ಕಕ್ಕಿಂತ ಹಾದಿಯ ವೈಖರಿ ನೋಡಿ. ಬಾಗಿಲು ದಾಟಿದ ಕೂಡಲೇ ಹಾದಿ ಹೊರಳುತ್ತದೆ. ಮುಂದಿನ ಬಾಗಿಲು ಕಣ್ಣಿಗೆ ಬೀಳುವುದಿಲ್ಲ. ಆನೆಯನ್ನು ಓಡಿಸಿ ಬಾಗಿಲಿಗೆ ಗುದ್ದಿಸಲು ಜಾಗವಿಲ್ಲ. ಮೇಲೆ ಗೋಪಾಲಸ್ವಾಮಿ ಹೊಂಡ ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ಇಳಿಯುತ್ತದೆ. ಈ ನೀರಿನ ಸರಣಿಯೊಂದನ್ನು ನಕ್ಷೆಗೆ ತಂದರೂ ಸಾಕು. ಮೇಲಿನ ಹೊಂಡಕ್ಕೆ ಯಾರೋ ವಿಷ ಬೆರೆಸಿದರೆಂದರೆ ಕೆಳಗಿನ ಪೇಟೆ ತಲ್ಲಣಿಸುತ್ತದೆ. ನಾಲ್ಕು ವಾರದ ಆಟಕ್ಕೆ ಸಾಮಗ್ರಿ ಸಿಕ್ಕಿತು.

ಆದರೆ ನಿಜವಾದ ಗುರು ಒನಕೆ ಓಬವ್ವನ ಕಿಂಡಿ. ಬಂಡೆಗಳ ನಡುವೆ ಒಬ್ಬರು ಮೈ ಕುಗ್ಗಿಸಿ ನುಸುಳುವಷ್ಟು ಸಂದು. ನಮ್ಮ ಆಟದ ನಕ್ಷೆಯಲ್ಲಿ ಒಂದು ಚೌಕಕ್ಕೆ ಐದು ಅಡಿ ಲೆಕ್ಕ. ಈ ಕಿಂಡಿ ಒಂದು ಚೌಕಕ್ಕೂ ಸಾಲದು. ಹಾಗಾಗಿಯೇ ಅದು ಕಾಳಗದ ಗಣಿತವನ್ನು ತಿರುಗಿಸಿಬಿಡುತ್ತದೆ. ಹೊರಗೆ ಎಷ್ಟು ಸಾವಿರ ದಂಡು ನಿಂತರೂ ಒಳಗೆ ಬರುವುದು ಒಂದೊಂದೇ ತಲೆ. ಎದುರಿಸಲು ಒಂದು ಒನಕೆ ಸಾಕಾಯಿತು.

ಆ ಕಥೆಯನ್ನು ನಕ್ಷೆ ಬರೆಯುವವರ ಕಣ್ಣಿನಿಂದ ಓದಿ. ಕೋಟೆಗೆ ಮುತ್ತಿಗೆ ಹಾಕಿದ್ದ ಹೈದರಾಲಿಯ ಕಡೆಯವರಿಗೆ ಕಿಂಡಿ ಗೊತ್ತಾದದ್ದು ಅಲ್ಲಿಂದ ಓಡಾಡುತ್ತಿದ್ದ ಮೊಸರು ಮಾರುವವಳಿಂದ ಎನ್ನುತ್ತಾರೆ. ಕಾವಲಿನ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದ. ನೀರು ತರಲು ಹೋದ ಅವನ ಹೆಂಡತಿ ಓಬವ್ವ, ಶತ್ರುಗಳು ನುಸುಳುವುದನ್ನು ಕಂಡು ಒನಕೆಯಿಂದ ಒಬ್ಬೊಬ್ಬರನ್ನೇ ಬಡಿದು ಕೆಡವಿದಳು. ಮೊಸರು, ಊಟ, ನೀರು: ಇಡೀ ಪ್ರಸಂಗ ನಿಂತಿರುವುದು ಈ ಮೂರರ ಮೇಲೆ. 1779ರಲ್ಲಿ ದುರ್ಗ ಹೈದರನ ವಶವಾಯಿತು, ದುರ್ಗದ ದೊರೆ ಮದಕರಿ ನಾಯಕರು ಸೆರೆಯಾದರು. ಆದರೂ ಜನರ ಬಾಯಲ್ಲಿ ಇಂದಿಗೂ ಗೆದ್ದಿರುವುದು ಆ ಕಿಂಡಿಯೇ.

ಹಾಗಾಗಿ ನನ್ನ ಸಲಹೆ ಇಷ್ಟು. ಮೊದಲ ಹಾಳೆಯಲ್ಲಿ ಗೋಡೆ ಬೇಡ. ನೀರೆಲ್ಲಿ, ಒಲೆಯೆಲ್ಲಿ, ಸೌದೆ ಯಾವ ದಾರಿಯಲ್ಲಿ ಬರುತ್ತದೆ, ಕಾವಲು ಯಾವ ಹೊತ್ತಿಗೆ ಬದಲಾಗುತ್ತದೆ, ಇಷ್ಟನ್ನೇ ಪೆನ್ಸಿಲ್‌ನಲ್ಲಿ ಗೀಚಿಕೊಳ್ಳಿ. ಅದರ ಮೇಲೆ ಬಟರ್ ಪೇಪರ್ ಇಟ್ಟು ಕೋಟೆ ಎಬ್ಬಿಸಿ. ಆಟಗಾರರು ನಡೆದಂತೆಲ್ಲ ಅವರಿಗೆ ತೋರಿಸುತ್ತ ಹೋಗುವುದು ಆ ಮೇಲಿನ ಹಾಳೆಯನ್ನು ಮಾತ್ರ. ಕಳ್ಳದಾರಿ ಯಾರ ಹೊಟ್ಟೆಪಾಡಿಗೂ ಬೇಡವಾಗಿದ್ದರೆ ಅದನ್ನು ಅಳಿಸಿಬಿಡಿ. ಆಟಗಾರರು ಅದನ್ನು ದಾಳ ಉರುಳಿಸಿ ಅದೃಷ್ಟದಿಂದ ಕಾಣಬೇಕೇ ಹೊರತು ಊಹಿಸಿ ಕಂಡುಹಿಡಿಯಲಾರರು. ಮೊಸರಿನವಳನ್ನು ಹಿಂಬಾಲಿಸಿ ಕಿಂಡಿ ಪತ್ತೆ ಮಾಡಿದ ಆಟಗಾರನ ಮುಖದ ಗೆಲುವು ದಾಳದಲ್ಲಿ ಅತಿ ದೊಡ್ಡ ಅಂಕ ಬಿದ್ದವನಿಗೆ ಬರುವುದಿಲ್ಲ.

ನಕ್ಷೆ ಮುಗಿಯಿತು ಎನಿಸಿದಾಗ ಯಾವುದಾದರೂ ಬುರುಜಿನ ಮೇಲೆ ಬೆರಳಿಟ್ಟು, ಅಲ್ಲಿನ ಕಾವಲುಗಾರ ಮಧ್ಯಾಹ್ನ ಎಲ್ಲಿ ಉಣ್ಣುತ್ತಾನೆ ಎಂದು ಕೇಳಿಕೊಳ್ಳಿ. ಉತ್ತರ ತಡವರಿಸದೆ ಬಂದರೆ ಗೆಳೆಯರನ್ನು ಆಟಕ್ಕೆ ಕರೆಯಬಹುದು.