ಹೊಳಪಿಗೆ ಬಹುಮಾನ, ಗ್ರೀಸಿಗೆ ಮರೆವು

ಬ್ರಿಟನ್ನಿನ ಕ್ಲಾಸಿಕ್ ಕಾರು ಕ್ಲಬ್ಬುಗಳಿಗೆ ಕೋವಿಡ್ ಕಾಲದಲ್ಲಿ ಒಳ್ಳೆಯ ಹೆಸರು ಬಂತು. ಆ ಹೆಸರು ಸಂದದ್ದು ಅವು ಮಾಡಿದ ಅತ್ಯಂತ ಹಗುರವಾದ ಕೆಲಸಕ್ಕೆ ಎಂಬುದು ನನ್ನ ತಕರಾರು. 2020ರ ಮಾರ್ಚ್ 23ರಂದು ಲಾಕ್‌ಡೌನ್ ಘೋಷಣೆಯಾದ ಮೇಲೆ ಈ ಕ್ಲಬ್ಬುಗಳು ಕೈಕಟ್ಟಿ ಕೂರಲಿಲ್ಲ. ಪಬ್ಬುಗಳಲ್ಲಿ ಸೇರುತ್ತಿದ್ದ ತಿಂಗಳ ಸಭೆ ಝೂಮ್‌ಗೆ ಹೋಯಿತು. ಕ್ವಿಜ್‌ಗಳು ನಡೆದವು. ಸದಸ್ಯರು ಮನೆಯಿಂದ ಕಳಿಸಿದ ಫೋಟೊಗಳನ್ನಿಟ್ಟುಕೊಂಡು ಕಾಂಕೂರ್ ಸ್ಪರ್ಧೆಗಳು, ಅಂದರೆ ಕಾರಿನ ಅಂದಚಂದದ ಪಂದ್ಯಗಳು ನಡೆದವು. ಚಟುವಟಿಕೆ ನಿಲ್ಲಲಿಲ್ಲ ಎಂಬುದಕ್ಕೆ ಇವನ್ನೇ ಸಾಕ್ಷಿಯಾಗಿ ಎತ್ತಿ ತೋರಿಸಲಾಯಿತು. ಕ್ಲಬ್ಬುಗಳ ಭವಿಷ್ಯವೇ ಇಲ್ಲಿದೆ ಎಂದವರೂ ಇದ್ದಾರೆ. ಅದೇ ಹೊತ್ತಿನಲ್ಲಿ ಅದೇ ಕ್ಲಬ್ಬುಗಳ ಒಳಗೆ ನಡೆದ ಇನ್ನೊಂದು ಕೆಲಸವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಕೆಲಸವೇ ಕ್ಲಬ್ಬಿನ ಜೀವ.

ಆ ವರ್ಷ ಹಳೆ ಕಾರುಗಳ ಲಂಡನ್–ಬ್ರೈಟನ್ ಓಟ ನಿಂತದ್ದು, ಬ್ಯೂಲಿಯ ಹಳೆ ಬಿಡಿಭಾಗಗಳ ಸಂತೆ ರದ್ದಾದದ್ದು, ಗುಡ್‌ವುಡ್ ಓಟದ ಮೈದಾನದವರು ಅಕ್ಟೋಬರಿನಲ್ಲಿ ಪ್ರೇಕ್ಷಕರಿಲ್ಲದೆ ಸ್ಪೀಡ್‌ವೀಕ್ ನಡೆಸಿದ್ದು ಈ ವಿಷಯದ ಓದುಗರಿಗೆ ತಿಳಿದಿರುವ ಕಥೆ. ಅದನ್ನು ಮತ್ತೆ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಅದಕ್ಕಿಂತ ಎರಡು ವರ್ಷ ಹಿಂದಿನ ಒಂದು ಬದಲಾವಣೆಯನ್ನು. 2018ರ ಮೇ ತಿಂಗಳಿಂದ ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಮೂಲ ರೂಪ ಹೆಚ್ಚು ಬದಲಾಗದ ಕಾರುಗಳಿಗೆ ಎಂಒಟಿ ಎಂಬ ವಾರ್ಷಿಕ ವಾಹನ ತಪಾಸಣೆ ಕಡ್ಡಾಯವಲ್ಲ. ರಸ್ತೆಗಿಳಿಯಲು ಯೋಗ್ಯವಾಗಿರಬೇಕು ಎಂಬ ಹೊಣೆ ಮಾತ್ರ ಮಾಲೀಕನದೇ. ವರ್ಷಕ್ಕೊಮ್ಮೆಯಾದರೂ ಕಾರನ್ನು ಮೇಲೆತ್ತಿ ಕೆಳಗೆ ಟಾರ್ಚು ಬಿಡುತ್ತಿದ್ದ ಅಪರಿಚಿತನ ಕಣ್ಣು ಹೀಗೆ ಕಾನೂನಿನ ಪುಟದಿಂದ ಮರೆಯಾಯಿತು. ಆ ಕಣ್ಣಿನ ಜಾಗಕ್ಕೆ ಬರಬಲ್ಲದ್ದು ಕ್ಲಬ್ಬು ಮಾತ್ರ: ಅದೇ ಮಾದರಿಯ ಕಾರನ್ನು ನಲವತ್ತು ವರ್ಷ ಬಿಚ್ಚಿ ಜೋಡಿಸಿದ ಸದಸ್ಯ, ಅವನು ಪತ್ರಿಕೆಯಲ್ಲಿ ಬರೆಯುವ ತಾಂತ್ರಿಕ ಪುಟ, ಕ್ಲಬ್ಬೇ ಮಾಡಿಸಿ ಇಟ್ಟುಕೊಳ್ಳುವ ಬಿಡಿಭಾಗಗಳ ದಾಸ್ತಾನು. ಕೋವಿಡ್ ಬಂದಾಗ ಪರೀಕ್ಷೆಗೆ ನಿಂತದ್ದು ಈ ಹೊಣೆಗಾರಿಕೆ.

ಫೋಟೊ ಕಾಂಕೂರ್ ಎಂಬ ಪದ್ಧತಿಯನ್ನು ಈ ಬೆಳಕಿನಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಏಕೆಂದರೆ ಅತಿ ಹೆಚ್ಚು ಮೆಚ್ಚುಗೆ ಪಡೆದದ್ದು ಅದೇ.

ಒಂದು ಮಾರಿಸ್ ಮೈನರ್ ಕಾರನ್ನೇ ತೆಗೆದುಕೊಳ್ಳೋಣ. ಅಲೆಕ್ ಇಸ್ಸಿಗೋನಿಸ್ ವಿನ್ಯಾಸ ಮಾಡಿದ ಈ ಕಾರು 1948ರಲ್ಲಿ ಹೊರಬಂತು, 1970ರ ದಶಕದ ಆರಂಭದವರೆಗೆ ಸುಮಾರು 16 ಲಕ್ಷ ತಯಾರಾದವು. ನಮ್ಮವರಿಗೆ ಇದರ ಬಳಗ ಹೊಸತಲ್ಲ. ಆಕ್ಸ್‌ಫರ್ಡ್ ಬಳಿಯ ಕೌಲಿಯ ಅದೇ ಮಾರಿಸ್ ಕಂಪನಿಯ ಆಕ್ಸ್‌ಫರ್ಡ್ ಸೀರೀಸ್ ತ್ರೀ ನಮ್ಮಲ್ಲಿ ಅಂಬಾಸಿಡರ್ ಆಗಿ 2014ರವರೆಗೂ ತಯಾರಾಗುತ್ತಿತ್ತು. ಮೈನರ್ ಸರಳ ಕಾರು. ಸರಳವಾದದ್ದರಿಂದಲೇ ಇಷ್ಟೊಂದು ಕಾರುಗಳು ಉಳಿದುಕೊಂಡಿವೆ. ಆದರೆ ಅದರ ಮುಂಚಕ್ರದ ಕೀಲಿನಲ್ಲಿ ಒಂದು ಪ್ರಸಿದ್ಧ ದೌರ್ಬಲ್ಯವಿದೆ. ಚಕ್ರವನ್ನು ಹೊತ್ತು ತಿರುಗಿಸುವ ಕಂಬದ ಕೆಳತುದಿ ಟ್ರನಿಯನ್ ಎಂಬ ಭಾಗದೊಳಗೆ ತಿರುಪಿನ ಹಾಗೆ ಕೂತಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಥ್ರೆಡ್ ಉಜ್ಜಿಕೊಳ್ಳುತ್ತದೆ. ಕಾಲಕಾಲಕ್ಕೆ ಗ್ರೀಸ್ ಗನ್ ಹಿಡಿದು ಅದಕ್ಕೆ ಗ್ರೀಸ್ ತುಂಬಿದರೆ ದಶಕಗಟ್ಟಲೆ ಬಾಳುತ್ತದೆ. ಮರೆತರೆ ಥ್ರೆಡ್ ಸವೆಯುತ್ತದೆ, ಒಂದು ದಿನ ಕೀಲು ಕಳಚಿ ಚಕ್ರ ಮಡಚಿಕೊಂಡು ಕಾರಿನ ಮೂಗು ನೆಲಕ್ಕೆ ಬಡಿಯುತ್ತದೆ. ಮೈನರ್ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ಹೊಸದಾಗಿ ಕೊಂಡವನಿಗೆ ಇದನ್ನು ಹೇಳುವವರು ಕ್ಲಬ್ಬಿನವರು.

ಇದೇ ಕಾರಿನ ಫೋಟೊ ಏನು ತೋರಿಸುತ್ತದೆ? ಬಣ್ಣ ತೋರಿಸುತ್ತದೆ, ಕ್ರೋಮ್ ಬಂಪರಿನ ಮಿಂಚು ತೋರಿಸುತ್ತದೆ, ಹಿಂದೆ ಒಂದು ಹಳ್ಳಿಮನೆಯೋ ಚೆರಿ ಮರವೋ ಇದ್ದರೆ ಅದನ್ನೂ ತೋರಿಸುತ್ತದೆ. ಟ್ರನಿಯನ್ ತೋರಿಸುವುದಿಲ್ಲ. ಹಿಂದಿನ ಸ್ಪ್ರಿಂಗು ಕೂತ ಜಾಗದ ತುಕ್ಕು ತೋರಿಸುವುದಿಲ್ಲ. ಟ್ರಾವಲರ್ ಮಾದರಿಯ ಹಿಂಭಾಗದಲ್ಲಿ ಕಾಣುವ ಆ್ಯಶ್ ಮರದ ಚೌಕಟ್ಟು ಬರೀ ಅಲಂಕಾರವಲ್ಲ, ಮೈಯ ಭಾರ ಹೊರುವ ಅಂಗ. ವಾರ್ನಿಷ್ ಹೊಡೆದು ಸರಿಯಾದ ಬಿಸಿಲಲ್ಲಿ ಚಿತ್ರ ತೆಗೆದರೆ ಕೊಳೆತ ಮರವೂ ಗಟ್ಟಿಮರದಷ್ಟೇ ಚೆನ್ನಾಗಿ ಕಾಣುತ್ತದೆ. ಯಾವ ಕೋನದಿಂದ ತೆಗೆಯಬೇಕು, ಯಾವುದನ್ನು ಚೌಕಟ್ಟಿನಾಚೆ ಬಿಡಬೇಕು ಎಂಬ ತೀರ್ಮಾನ ಮಾಲೀಕನದು. ಅಂದರೆ ತೀರ್ಪುಗಾರನು ನೋಡುವ ಮೊದಲೇ ತೀರ್ಪಿನ ಅರ್ಧ ಭಾಗ ಸ್ಪರ್ಧಿಯ ಕೈಯಲ್ಲಿದೆ. ಉಳಿದರ್ಧ ಮೊಬೈಲಿನಲ್ಲಿ ಮತ ಒತ್ತಿದವರ ಕೈಯಲ್ಲಿ.

ಮೈದಾನದ ಕಾಂಕೂರ್‌ನಲ್ಲೂ ಹೊಳಪಿಗೆ ಮನ್ನಣೆಯಿದೆ, ಹಾಗಾದರೆ ವ್ಯತ್ಯಾಸವೇನು ಎಂದು ಕೇಳಬಹುದು. ವ್ಯತ್ಯಾಸ ಅಂಕಪಟ್ಟಿಯಲ್ಲಿಲ್ಲ, ಮಾತಿನಲ್ಲಿದೆ. ಒಳ್ಳೆಯ ತೀರ್ಪುಗಾರ ಹುಲ್ಲಿನ ಮೇಲೆ ಮಂಡಿಯೂರುತ್ತಾನೆ, ಬಾನೆಟ್ ಎತ್ತಿಸುತ್ತಾನೆ, ಎಂಜಿನ್ ಶುರುಮಾಡಿಸಿ ಕಿವಿಗೊಡುತ್ತಾನೆ. ಮಾಲೀಕನನ್ನು ಪಕ್ಕಕ್ಕೆ ಕರೆದು ಈ ಬ್ರೇಕ್ ಪೈಪು ಬದಲಿಸು, ಈ ತಂತಿ ಕಾರಿನ ಮೈಗೆ ಉಜ್ಜುತ್ತಿದೆ ಎಂದು ಹೇಳುತ್ತಾನೆ. ಬಹುಮಾನ ಒಬ್ಬನಿಗೆ, ಪಾಠ ಎಲ್ಲರಿಗೂ. ಸ್ಪರ್ಧೆ ಎಂಬುದು ಅಲ್ಲಿ ತಿದ್ದುವ ಕೆಲಸಕ್ಕೆ ಒಂದು ನೆಪ. ಫೋಟೊ ಸ್ಪರ್ಧೆ ನೆಪವನ್ನು ಉಳಿಸಿಕೊಂಡು ತಿದ್ದುವುದನ್ನು ಕೈಬಿಟ್ಟಿತು. ಎಂಒಟಿಯ ಕಣ್ಣೂ ಇಲ್ಲದ, ಕ್ಲಬ್ಬಿನ ಕಣ್ಣೂ ಇಲ್ಲದ ಆ ತಿಂಗಳುಗಳಲ್ಲಿ ಕಾರಿಗೆ ಬೇಕಾಗಿದ್ದದ್ದು ಮೆಚ್ಚುಗೆಯಲ್ಲ.

ಇಲ್ಲಿ ವಿಮರ್ಶಕರೊಡನೆ ಒಂದು ಹಳೆಯ ಜಗಳವನ್ನು ಎತ್ತಲೇಬೇಕು. ಸಂಸ್ಕೃತಿ ವಿಮರ್ಶಕ ರಾಬರ್ಟ್ ಹ್ಯೂವಿಸನ್ 1987ರಲ್ಲಿ ‘ದಿ ಹೆರಿಟೇಜ್ ಇಂಡಸ್ಟ್ರಿ’ ಬರೆದು, ವಸ್ತುಗಳನ್ನು ತಯಾರಿಸುವುದನ್ನು ಬಿಟ್ಟ ಬ್ರಿಟನ್ ಈಗ ಗತಕಾಲವನ್ನೇ ತಯಾರಿಸಿ ಮಾರುತ್ತಿದೆ ಎಂದು ವಾದಿಸಿದರು. ಹಳೆ ಕಾರು ಇಟ್ಟುಕೊಂಡವರನ್ನು ಹಿಂದಕ್ಕೆ ಹಂಬಲಿಸುವವರೆಂದು ಬದಿಗೆ ತಳ್ಳುವ ಎಲ್ಲರ ಬೆನ್ನಿಗೆ ಇಂದಿಗೂ ಈ ವಾದವಿದೆ. ಇತಿಹಾಸಕಾರ ರಾಫೆಲ್ ಸ್ಯಾಮ್ಯುಯೆಲ್ 1994ರ ‘ಥಿಯೇಟರ್ಸ್ ಆಫ್ ಮೆಮೊರಿ’ಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಹಳೆಯದನ್ನು ಕೂಡಿಡುವ, ದುರಸ್ತಿ ಮಾಡುವ ಸಾಮಾನ್ಯ ಜನರೂ ಇತಿಹಾಸ ಕಟ್ಟುವವರೇ ಎಂದರು. ನಾನು ಸ್ಯಾಮ್ಯುಯೆಲ್ ಕಡೆಗೆ ನಿಲ್ಲುತ್ತೇನೆ. ಆದರೂ ಅವರ ಉತ್ತರ ಈ ಪ್ರಶ್ನೆಗೆ ಸಾಲದು. ಇಬ್ಬರೂ ಕಾರನ್ನು ನೆನಪಿನ ಕುರುಹಾಗಿ ಓದುತ್ತಾರೆ. ಆ ನೆನಪು ಹುಸಿ ಎಂದು ಒಬ್ಬರು, ನಿಜ ಎಂದು ಇನ್ನೊಬ್ಬರು. ಕಾರು ಒಂದು ಯಂತ್ರ, ಅದನ್ನು ಓಡುವ ಸ್ಥಿತಿಯಲ್ಲಿ ಇಡುವುದು ಒಂದು ವಿದ್ಯೆ, ಆ ವಿದ್ಯೆ ಒಬ್ಬರಿಂದೊಬ್ಬರಿಗೆ ದಾಟದಿದ್ದರೆ ಸಾಯುತ್ತದೆ ಎಂಬ ಮಾತಿಗೆ ಇಬ್ಬರ ವಾದದಲ್ಲೂ ತಕ್ಕ ಜಾಗವಿಲ್ಲ.

ಈ ಕೊರತೆಯನ್ನು ತುಂಬಿದವರು ಇತಿಹಾಸಕಾರ ಡೇವಿಡ್ ಎಡ್ಜರ್‌ಟನ್. ‘ದಿ ಶಾಕ್ ಆಫ್ ದಿ ಓಲ್ಡ್’ನಲ್ಲಿ ಅವರು ತಂತ್ರಜ್ಞಾನದ ಚರಿತ್ರೆಯನ್ನು ಆವಿಷ್ಕಾರದ ದಿನಾಂಕಗಳಿಂದ ಬಿಡಿಸಿ ಬಳಕೆಯ ಮತ್ತು ನಿರ್ವಹಣೆಯ ಕಡೆಗೆ ತಿರುಗಿಸಿದರು. ಕೋವಿಡ್ ಕಾಲದ ಕ್ಲಬ್ಬುಗಳನ್ನು ಹೊಗಳಿದವರು ಎಡ್ಜರ್‌ಟನ್ ಎಚ್ಚರಿಸಿದ ತಪ್ಪನ್ನೇ ಮಾಡಿದರು: ಹೊಸದೆಂದು ಕಂಡ ಝೂಮ್‌ಗೆ ಕಣ್ಣು ಕೊಟ್ಟರು, ಹಳೆಯದೆಂದು ಕಂಡ ಗ್ರೀಸ್ ಗನ್ನನ್ನು ಮರೆತರು. ಹ್ಯೂವಿಸನ್ ವಾದಕ್ಕೆ ಇದಕ್ಕಿಂತ ಒಳ್ಳೆಯ ಬೆಂಬಲ ಬೇರೆ ಸಿಕ್ಕಲಾರದು. ಕಾರಿನ ಚಿತ್ರಗಳಿಗೆ ಮತ ಹಾಕುವ ಸಂಘ ಅವರು ಹೇಳಿದ ಗತವೈಭವದ ಅಂಗಡಿಯೇ ಹೌದು. ಕ್ಲಬ್ಬಿನ ಪರ ವಕಾಲತ್ತು ವಹಿಸಿದವರು ಎದುರಾಳಿಗೆ ಬೇಕಾದ ಸಾಕ್ಷಿಯನ್ನೇ ಒದಗಿಸಿಕೊಟ್ಟರು. ಕ್ಲಾಸಿಕ್ ವಾಹನಗಳ ವಹಿವಾಟು ಬ್ರಿಟನ್ನಿನ ಆರ್ಥಿಕತೆಗೆ ವರ್ಷಕ್ಕೆ 7.2 ಶತಕೋಟಿ ಪೌಂಡ್ ಕೊಡುತ್ತದೆ ಎಂದು ಕ್ಲಬ್ಬುಗಳ ಒಕ್ಕೂಟ 2020ರ ಸಮೀಕ್ಷೆಯಲ್ಲಿ ಲೆಕ್ಕ ಕೊಟ್ಟಿತು. ದೊಡ್ಡ ಮೊತ್ತವೇ. ಆದರೆ ಹಣದ ಮಾತಿನಿಂದ ಸಮರ್ಥಿಸಿಕೊಂಡರೆ ಮತ್ತೆ ಹ್ಯೂವಿಸನ್ ಹಾಕಿದ ಗೆರೆಯೊಳಗೇ ನಿಂತಂತೆ.

ಕಾರು ಓಡಿಸಲಾಗದ ಬಿಕ್ಕಟ್ಟು ಕ್ಲಬ್ಬುಗಳಿಗೆ ಹೊಸತೂ ಅಲ್ಲ. 1942ರ ಜುಲೈನಲ್ಲಿ ಬ್ರಿಟಿಷ್ ಸರ್ಕಾರ ಖಾಸಗಿ ಕಾರುಗಳ ಮೂಲ ಪೆಟ್ರೋಲ್ ಪಡಿತರವನ್ನೇ ರದ್ದು ಮಾಡಿತು. 1945ರ ಜೂನ್‌ವರೆಗೆ ಅದು ಮರಳಲಿಲ್ಲ. ಸಂತೋಷಕ್ಕಾಗಿ ಕಾರು ಓಡಿಸುವುದು ಮೂರು ವರ್ಷ ಅಸಾಧ್ಯವಾಯಿತು. ಆಗ ‘ಮೋಟರ್ ಸ್ಪೋರ್ಟ್’ ಪತ್ರಿಕೆಯ ಸಂಪಾದಕ ವಿಲಿಯಂ ಬಾಡಿ ವರದಿ ಮಾಡಲು ಓಟಗಳೇ ಇಲ್ಲದ ಹೊತ್ತಿನಲ್ಲಿ ಓದುಗರಿಂದ ಅವರವರು ಇಟ್ಟುಕೊಂಡಿದ್ದ ಕಾರುಗಳ ಬಗ್ಗೆ ಬರೆಸಿದರು. ‘ಕಾರ್ಸ್ ಐ ಹ್ಯಾವ್ ಓನ್ಡ್’ ಎಂಬ ಆ ಬರಹಗಳು ಬಳಸಿದವರ ಸಾಕ್ಷ್ಯ. ಕಾರು ಹೊರಡದಿದ್ದರೂ ಕಾರಿನ ಅನುಭವ ಕಾಗದಕ್ಕೆ ಇಳಿದು ಇನ್ನೊಬ್ಬನ ಕೈ ಸೇರಿತು. 2020ರ ಕ್ಲಬ್ಬುಗಳ ಮುಂದೆ ಈ ಮಾದರಿ ಇತ್ತು. ಅದನ್ನು ಅನುಸರಿಸಿದವರು ಹೊಗಳಿಸಿಕೊಂಡವರಲ್ಲ. ಅಂಚೆಯಲ್ಲಿ ಪತ್ರಿಕೆ ತಪ್ಪದೆ ಕಳಿಸಿ, ಅದರ ತಾಂತ್ರಿಕ ಪುಟಗಳನ್ನು ಜೀವಂತವಾಗಿ ಇಟ್ಟವರು ಅದನ್ನು ಅನುಸರಿಸಿದರು.

ಆ ಪುಟಗಳಿಗೆ ಆಗ ಹೇಳಬೇಕಾದ ತುರ್ತು ವಿಷಯವಿತ್ತು. ನಿಂತ ಕಾರು ಸುಮ್ಮನೆ ನಿಂತಿರುವುದಿಲ್ಲ, ಹಾಳಾಗುತ್ತಿರುತ್ತದೆ. ಬ್ಯಾಟರಿ ಇಳಿಯುತ್ತದೆ. ಟೈರು ಒಂದೇ ಜಾಗದಲ್ಲಿ ಒತ್ತಿ ಚಪ್ಪಟೆಯಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟರೆ ಬ್ರೇಕ್ ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟುತ್ತದೆ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಹಳಸುತ್ತದೆ. ಎಲ್ಲಕ್ಕಿಂತ ಹಾನಿಕರವಾದದ್ದು ಒಂದು ಒಳ್ಳೆಯ ಉದ್ದೇಶದ ತಪ್ಪು ನಂಬಿಕೆ: ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿದರೆ ಕಾರು ಚೆನ್ನಾಗಿರುತ್ತದೆ ಎಂಬುದು. ಐದು ನಿಮಿಷದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರಿನಾವಿ ಸೈಲೆನ್ಸರಿನಲ್ಲೂ ಎಂಜಿನ್ ಎಣ್ಣೆಯಲ್ಲೂ ತಣಿದು ನಿಂತು ಒಳಗಿನಿಂದ ತಿನ್ನುತ್ತದೆ. ಓಡಿಸುವುದಾದರೆ ಪೂರ್ತಿ ಬಿಸಿಯಾಗುವ ತನಕ ಓಡಿಸು, ಇಲ್ಲವಾದರೆ ಮುಟ್ಟಬೇಡ. ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಅಡ್ಡ ಕೊಡು. ಕ್ಲಚ್ ಪೆಡಲ್ ಒತ್ತಿ ಮರದ ತುಂಡು ಸಿಕ್ಕಿಸು. ಆಗಾಗ ಕಾರನ್ನು ಒಂದಡಿ ತಳ್ಳು. ಇಂಥ ನಾಲ್ಕು ಮಾತನ್ನು ಫೋನಿನಲ್ಲಿ ತಾಳ್ಮೆಯಿಂದ ಹೇಳಿದ ಒಬ್ಬ ಹಿರಿಯ ಸದಸ್ಯ ಉಳಿಸಿದಷ್ಟು ಕಾರುಗಳನ್ನು ಯಾವ ಕ್ವಿಜ್ಜೂ ಉಳಿಸಲಿಲ್ಲ.

ಆ ಹಿರಿಯರೇ ಅಪಾಯದಲ್ಲಿದ್ದರು ಎಂಬುದನ್ನು ಮರೆಯಬಾರದು. 70 ದಾಟಿದವರು ವಿಶೇಷ ಎಚ್ಚರದಿಂದ ಜನರಿಂದ ದೂರವಿರಬೇಕೆಂದು ಮಾರ್ಚ್ 16ರಂದೇ ಸರ್ಕಾರ ಸೂಚಿಸಿತ್ತು. ಕ್ಲಬ್ಬುಗಳ ವಿದ್ಯೆ ಇದ್ದದ್ದು ಬಹುಪಾಲು ಆ ವಯಸ್ಸಿನವರ ಕೈಯಲ್ಲಿ. 2021ರ ಜನವರಿ ಅಂತ್ಯದ ಹೊತ್ತಿಗೆ ಬ್ರಿಟನ್ನಿನಲ್ಲಿ ಕೋವಿಡ್ ಸಾವು ಒಂದು ಲಕ್ಷ ದಾಟಿತು. ಪುಸ್ತಕದಲ್ಲಿ ಇಲ್ಲದ, ಬೆರಳಿನಲ್ಲಿ ಮಾತ್ರ ಇದ್ದ ತಿಳಿವಳಿಕೆ ಹೊತ್ತವರ ಪಾಲಿಗೆ ಅದು ಎಂಥ ಕಾಲ ಎಂದು ಯೋಚಿಸಿದರೆ, ಬಿಡುವಿನ ಆ ವರ್ಷವನ್ನು ಕ್ಲಬ್ಬುಗಳು ಮೊದಲು ಯಾವುದಕ್ಕೆ ಬಳಸಬೇಕಾಗಿತ್ತು ಎಂಬುದು ಸ್ಪಷ್ಟವಾಗುತ್ತದೆ.

ಝೂಮ್ ಸಭೆಗಳಿಂದ ಲಾಭವೇ ಆಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ಒಬ್ಬಂಟಿಯಾಗಿ ಮನೆಯಲ್ಲಿ ಉಳಿದ ಮುದುಕನಿಗೆ ಪರಿಚಿತ ಮುಖಗಳು ಕಂಡದ್ದು ಸಣ್ಣ ಮಾತಲ್ಲ. ಕ್ಲಬ್ಬಿನ ಸಭೆಗೆ ಎಂದೂ ಬರಲಾಗದ ದೂರದ ಸದಸ್ಯರೂ ಸೇರಿಕೊಂಡರು. ಕ್ಯಾಮೆರಾದ ಮುಂದೆ ಒಂದು ಎಸ್‌ಯು ಕಾರ್ಬ್ಯುರೇಟರ್ ಬಿಚ್ಚಿ, ಪಿಸ್ಟನ್ ಎತ್ತಿ ಬಿಟ್ಟು, ಅದು ಸರಾಗವಾಗಿ ಇಳಿದು ಟಕ್ಕೆಂದು ಕೂರಬೇಕು ಎಂದು ಕೇಳಿಸಿ ತೋರಿಸಿದ ಸಭೆಗಳಂತೂ ನಾನು ಬಯಸುವ ಕೆಲಸವೇ. ಅಲ್ಲಿ ಪರದೆ ಕೈಯ ಕೆಲಸಕ್ಕೆ ಸೇವೆ ಮಾಡಿತು. ಮಿಕ್ಕ ಕಡೆ ಅದರ ಜಾಗವನ್ನು ಕಸಿದುಕೊಂಡಿತು.

ಕೊನೆಯದಾಗಿ ಡ್ರೈವ್ ಇಟ್ ಡೇ. 1900ರ ಏಪ್ರಿಲ್ 23ರಂದು ಲಂಡನ್ನಿನ ಹೈಡ್ ಪಾರ್ಕ್ ಕಾರ್ನರ್‌ನಿಂದ ಅರವತ್ತಕ್ಕೂ ಹೆಚ್ಚು ವಾಹನಗಳು ಸಾವಿರ ಮೈಲಿಯ ಪರೀಕ್ಷಾ ಯಾನಕ್ಕೆ ಹೊರಟವು. ಮೋಟಾರು ಗಾಡಿ ನಂಬಿಕೆಗೆ ಅರ್ಹ ಎಂದು ಜನರ ಕಣ್ಣೆದುರು ರಸ್ತೆಯ ಮೇಲೆ ಸಾಧಿಸಿ ತೋರಿಸುವುದು ಅದರ ಗುರಿ. ಅದರ ನೆನಪಿಗೆ ಪ್ರತಿವರ್ಷ ಆ ದಿನಕ್ಕೆ ಹತ್ತಿರದ ಭಾನುವಾರ ಹಳೆಯ ಕಾರುಗಳನ್ನು ಹೊರತೆಗೆಯುತ್ತಾರೆ. 2020ರಲ್ಲಿ ಆ ಭಾನುವಾರ, ಏಪ್ರಿಲ್ 26, ಲಾಕ್‌ಡೌನಿನ ನಡುವೆ ಬಂತು. ಕಾರನ್ನು ಗ್ಯಾರೇಜಿನಲ್ಲೇ ಬಿಡುವುದು ಸರಿಯಾದ ತೀರ್ಮಾನವಾಗಿತ್ತು. ಮರುವರ್ಷ ಏಪ್ರಿಲ್ 25ರ ಹೊತ್ತಿಗೆ ನಿರ್ಬಂಧ ಸಡಿಲಿತ್ತು, ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್‌ಗೆ ನಿಧಿ ಕೂಡಿಸುವ ಉದ್ದೇಶದೊಂದಿಗೆ ಕಾರುಗಳು ಮತ್ತೆ ರಸ್ತೆಗಿಳಿದವು. 1900ರಲ್ಲಿದ್ದಂತೆ ಅಂದೂ ಸಾಕ್ಷಿ ರಸ್ತೆಯೇ. ವರ್ಷಕಾಲ ನಿಂತ ಎಂಜಿನ್ ಶುರುವಾಯಿತೇ, ಬ್ರೇಕ್ ಹಿಡಿಯಿತೇ, ಮುಂಚಕ್ರದ ಕೀಲು ತಾಳಿತೇ ಎಂಬುದರಲ್ಲಿ ಕ್ಲಬ್ಬಿನ ಕೋವಿಡ್ ಕಾಲದ ಚಟುವಟಿಕೆಯ ನಿಜವಾದ ಅಂಕಪಟ್ಟಿ ಇತ್ತು.

ಆ ಅಂಕ ಪಡೆದವರು ಫೋನೆತ್ತಿದವರು, ತಾಂತ್ರಿಕ ಪುಟ ಬರೆದವರು, ಬಿಡಿಭಾಗ ಕಟ್ಟಿ ಅಂಚೆಗೆ ಹಾಕಿದವರು. ಕ್ಲಬ್ಬುಗಳು ಆ ಕಾಲದ ಚರಿತ್ರೆಯನ್ನು ಬರೆದುಕೊಳ್ಳುವಾಗ ಫೋಟೊ ಸ್ಪರ್ಧೆಯ ವಿಜೇತರಿಗೆ ಒಂದು ಸಾಲು ಸಾಕು. ಉಳಿದ ಪುಟಗಳು ಇವರಿಗೆ ಸಲ್ಲಬೇಕು. ಅವರಿಗೆ ಗೊತ್ತಿರುವುದನ್ನು, ಅವರಿರುವಾಗಲೇ, ಅವರ ಪಕ್ಕದಲ್ಲಿ ನಿಂತು ಕಲಿಯಲು ಕಿರಿಯ ಸದಸ್ಯರನ್ನು ಗ್ಯಾರೇಜಿಗೆ ಕಳಿಸುವುದು ಈಗಿನ ಮೊದಲ ಕೆಲಸ.