ಸಂಘವೆಂಬ ಪಾಠಶಾಲೆ

ಫ್ರಾನ್ಸ್ ದೇಶದ ಅಲೆಕ್ಸಿ ದ ತೋಕ್‌ವಿಲ್ ಎಂಬ ವಿದ್ವಾಂಸನು 1831ರಲ್ಲಿ ಕಾರಾಗೃಹಗಳ ವ್ಯವಸ್ಥೆಯನ್ನು ಪರಿಶೀಲಿಸುವ ಸಲುವಾಗಿ ಅಮೆರಿಕೆಗೆ ಹೋದನು. ಆ ಪ್ರವಾಸದ ಫಲವಾದ ‘ಅಮೆರಿಕೆಯಲ್ಲಿ ಪ್ರಜಾಪ್ರಭುತ್ವ’ ಎಂಬ ಗ್ರಂಥವು 1835ರಲ್ಲಿಯೂ 1840ರಲ್ಲಿಯೂ ಎರಡು ಭಾಗಗಳಾಗಿ ಪ್ರಕಟವಾಯಿತು. ಎರಡನೆಯ ಭಾಗದಲ್ಲಿ ಸಂಘಗಳನ್ನು ಕುರಿತು ಬರುವ ಅಧ್ಯಾಯಗಳು ವಿಶೇಷ ಮನನಕ್ಕೆ ಯೋಗ್ಯವಾಗಿವೆ.

ಜನರು ಸ್ವೇಚ್ಛೆಯಿಂದ ಸಂಘಗಳನ್ನು ಕಟ್ಟಿಕೊಂಡರೆ ಅವರಲ್ಲಿ ರಾಜಕೀಯಾಸಕ್ತಿಯು ತಾನಾಗಿ ಬೆಳೆಯುವುದೆಂಬುದೇ ಈ ಗ್ರಂಥಕಾರನ ಅಭಿಪ್ರಾಯವೆಂದು ಅನೇಕರು ತಿಳಿದಿರುವರು. ಇದು ಅರ್ಧಸತ್ಯ. ಆತನ ಮತದಲ್ಲಿ ಈ ಸಂಬಂಧವು ಉಭಯಮುಖವಾದುದು. ಇತರ ಸಂಘಗಳು ರಾಜಕೀಯ ಸಂಘಗಳಿಗೆ ದಾರಿಮಾಡುವುದು ನಿಜ; ಆದರೆ ರಾಜಕೀಯ ಸಂಘಗಳೇ ಮಿಕ್ಕವುಗಳಿಗೆ ಗುರುಸ್ಥಾನದಲ್ಲಿರುವುವು. ವ್ಯಾಪಾರದ ಕೂಟವನ್ನು ಸೇರುವವನು ತನ್ನ ಹಣವನ್ನು ಪಣವೊಡ್ಡಬೇಕು. ಅನುಭವವಿಲ್ಲದವನು ಅದಕ್ಕೆ ಅಂಜುವನು. ರಾಜಕೀಯ ಸಂಘದಲ್ಲಿ ಅಂಥ ನಷ್ಟದ ಭಯವಿಲ್ಲ. ಹಲವರೊಡನೆ ನಿಯಮಬದ್ಧವಾಗಿ ನಡೆಯುವುದನ್ನೂ ತನ್ನ ಇಚ್ಛೆಯನ್ನು ಎಲ್ಲರ ಉದ್ದೇಶಕ್ಕೆ ಅಧೀನಗೊಳಿಸುವುದನ್ನೂ ಮನುಷ್ಯನು ಅಲ್ಲಿ ಕಲಿಯುವನು. ಅದು ಶುಲ್ಕವಿಲ್ಲದ ಪಾಠಶಾಲೆ. ಆದಕಾರಣ ರಾಜಕೀಯ ಸಂಘಗಳನ್ನು ನಿಷೇಧಿಸಿದ ದೇಶದಲ್ಲಿ ಇತರ ಸಂಘಗಳೂ ವಿರಳವಾಗುವುವೆಂದು ಆತನ ಸಿದ್ಧಾಂತ.

ವಾದವು ಸೂಕ್ಷ್ಮವಾದುದೇ ಸರಿ. ಆದರೂ ಅದರಲ್ಲಿ ತಾರ್ಕಿಕರು ಹೇಳುವ ಅವ್ಯಾಪ್ತಿದೋಷವುಂಟು. ಗ್ರಂಥಕಾರನ ದೃಷ್ಟಿಯು ಪ್ರಾಯಿಕವಾಗಿ ಮತಾಧಿಕಾರವುಳ್ಳ ಪುರುಷರಲ್ಲಿಯೇ ನಿಂತಿತು. ಆ ಅಧಿಕಾರವಿಲ್ಲದವರಿಗೆ ಸಂಘವು ಏನನ್ನು ಕಲಿಸೀತು?

ಆತನು ಸ್ವದೇಶಕ್ಕೆ ಮರಳಿದ ಮರುವರ್ಷವೇ, ಎಂದರೆ 1833ರ ಡಿಸೆಂಬರಿನಲ್ಲಿ, ಫಿಲಡೆಲ್ಫಿಯಾ ನಗರದ ಸ್ತ್ರೀಯರು ಗುಲಾಮಗಿರಿಯ ನಿರ್ಮೂಲನಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಬಿಳಿಯರೂ ಕರಿಯರೂ ಅದರಲ್ಲಿ ಕೂಡಿದ್ದರು. ಅಧ್ಯಕ್ಷಪೀಠದಲ್ಲಿ ಕುಳಿತು ಸಭೆಯನ್ನು ನಡೆಸಬಲ್ಲವಳು ಅವರಲ್ಲಿ ಒಬ್ಬಳೂ ಇಲ್ಲದುದರಿಂದ ಜೇಮ್ಸ್ ಮೆಕ್ರಮಿಲ್ ಎಂಬ ಕರಿಯ ಪುರುಷನನ್ನು ಆ ಸ್ಥಾನಕ್ಕೆ ಕರೆಯಬೇಕಾಯಿತೆಂದು ಸ್ಥಾಪಕರಲ್ಲೊಬ್ಬಳಾದ ಲುಕ್ರೀಷಿಯಾ ಮಾಟ್ ಮುಂದೆ ಸ್ಮರಿಸಿಕೊಂಡಿರುವಳು. ಇಂಥ ಸಂಘಗಳ ಸ್ತ್ರೀಯರು ಮನೆಮನೆಗೆ ಹೋಗಿ ಸಹಿಗಳನ್ನು ಕೂಡಿಸಿ ರಾಷ್ಟ್ರದ ಶಾಸನಸಭೆಗೆ ಬಿನ್ನವತ್ತಳೆಗಳನ್ನು ಕಳುಹಿಸಿದರು. ಬಿನ್ನವತ್ತಳೆಗಳ ಹೊರೆಯನ್ನು ಸಹಿಸಲಾರದೆ ಪ್ರತಿನಿಧಿಸಭೆಯು 1836ರಲ್ಲಿ ಅವುಗಳನ್ನು ಚರ್ಚೆಯಿಲ್ಲದೆ ಬದಿಗಿರಿಸುವ ನಿಬಂಧನೆಯನ್ನು ಮಾಡಿತು. ಮಾಜಿ ರಾಷ್ಟ್ರಾಧ್ಯಕ್ಷನಾದ ಜಾನ್ ಕ್ವಿನ್ಸಿ ಆಡಮ್ಸ್ ಅದರ ವಿರುದ್ಧ ಎಡೆಬಿಡದೆ ಹೋರಾಡಿದನು. 1844ರಲ್ಲಿ ಅದು ರದ್ದಾಯಿತು. ಮತವಿಲ್ಲದವರ ಸಹಿಯು ಮತವುಳ್ಳವರ ಸಭೆಯನ್ನು ಹೀಗೆ ಎಂಟು ವರ್ಷ ಕದಡಿತು.

1848ರ ಆಗಸ್ಟಿನಲ್ಲಿ ರಾಚೆಸ್ಟರಿನಲ್ಲಿ ಸ್ತ್ರೀಯರ ಹಕ್ಕುಗಳಿಗಾಗಿ ಸಭೆ ಸೇರಿತು. ಗುಲಾಮಗಿರಿಯ ವಿರೋಧಿಸಂಘದಲ್ಲಿ ಪಳಗಿದ್ದ ಅಬಿಗೇಲ್ ಬುಷ್ ಅಧ್ಯಕ್ಷತೆಯನ್ನು ವಹಿಸಿದಳು. ಸ್ತ್ರೀಯೊಬ್ಬಳು ಆ ಪೀಠವನ್ನೇರುವುದು ಸಾಹಸವೆಂದು ಮಾಟ್ ಮೊದಲಾದ ನಾಯಕಿಯರೇ ಹಿಂಜರಿದಿದ್ದರು. ಆದರೂ ಸಭೆಯು ಸಾಂಗವಾಗಿ ನಡೆಯಿತು. ಹದಿನೈದು ವರ್ಷಗಳ ಅಭ್ಯಾಸದ ಫಲವಿದು. ಅಮೆರಿಕೆಯ ಸಂವಿಧಾನವು ಸ್ತ್ರೀಯರ ಮತಾಧಿಕಾರಕ್ಕೆ ರಕ್ಷಣೆ ಕೊಟ್ಟುದು 1920ರಲ್ಲಿ.

ಇದರಿಂದ ತೋಕ್‌ವಿಲ್‌ನ ಸಿದ್ಧಾಂತವು ಬಿದ್ದುಹೋಗುವುದಿಲ್ಲ; ಆತನು ಎಣಿಸಿದುದಕ್ಕಿಂತ ವಿಸ್ತಾರವಾಗುವುದು. ಅಧಿಕಾರವು ದೊರೆತ ಬಳಿಕ ಅಭ್ಯಾಸವೆಂಬ ಕ್ರಮವು ನಿಯತವಲ್ಲ. ಅಭ್ಯಾಸವೇ ಅಧಿಕಾರವನ್ನು ಕೇಳುವ ಧೈರ್ಯವನ್ನು ಹುಟ್ಟಿಸಬಲ್ಲುದು. ಆದರೆ ಅದು ಸದಸ್ಯರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಬರತಕ್ಕುದಲ್ಲ. ನಡವಳಿಯನ್ನು ಬರೆದು, ಲೆಕ್ಕವನ್ನು ಒಪ್ಪಿಸಿ, ಪ್ರತಿಪಕ್ಷದ ಮಾತನ್ನು ತಾಳ್ಮೆಯಿಂದ ಕೇಳಿದವರಿಗೇ ಅದು ಲಭ್ಯ. ಚಂದಾ ತೆತ್ತು ವಾರ್ಷಿಕಸಭೆಗೂ ಬಾರದವನು ಶುಲ್ಕ ಕೊಟ್ಟು ಪಾಠಕ್ಕೆ ತಪ್ಪಿಸಿಕೊಂಡ ವಿದ್ಯಾರ್ಥಿ.