ಊದಿ ತಿನ್ನುವ ಹಣ್ಣು

ಮಳವಳ್ಳಿ ಕಡೆಯಿಂದ ಗಗನಚುಕ್ಕಿಗೆ ಬರುವವರ ಕಣ್ಣೆಲ್ಲ ನೀರಿನ ಮೇಲೆ. ತಪ್ಪೇನಲ್ಲ. ಕೆಂಪಗೆ ತುಂಬಿ ಬೀಳುವ ಕಾವೇರಿಯ ಎದುರು ನಿಂತವರಿಗೆ ಬೇರೆ ಕಡೆ ನೋಡಿ ಅನ್ನುವುದು ಹೇಗೆ? ನನ್ನ ಕಣ್ಣು ಮಾತ್ರ ಬ್ಲಫಿಗೆ, ಅಂದರೆ ಈ ಶಿವನಸಮುದ್ರಕ್ಕೆ, ಬಂದಾಗಲೆಲ್ಲ ಅತ್ತಿಮರ ಹುಡುಕುತ್ತದೆ. ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿದ ಕಾಯಿ, ಅದರ ಮೇಲಿನ ನವಿರಾದ ತುಪ್ಪಳ, ಹಣ್ಣಾಗುವಾಗ ಹಸಿರಿನೊಳಗಿಂದ ಏಳುವ ಇಟ್ಟಿಗೆಗೆಂಪು. ಕೊಂಬೆಯ ತುದಿಯವರೆಗೆ ಹೋಗುವ ತಾಳ್ಮೆಯಿಲ್ಲದೆ ಮರ ಬೊಡ್ಡೆಯಲ್ಲೇ ಹಡೆದುಬಿಟ್ಟಂತೆ ಕಾಣುತ್ತದೆ.

ಚಿಕ್ಕವನಿದ್ದಾಗ ಅಜ್ಜಿ ಬಿದ್ದ ಹಣ್ಣು ಆಯ್ದು, ಹೆಬ್ಬೆರಳಲ್ಲಿ ಎರಡು ಹೋಳು ಮಾಡಿ ಕೈಗಿಡುತ್ತಿದ್ದಳು. "ಮೊದ್ಲು ಊದ್ಲಾ, ಹುಳ ಹಾರೋಯ್ತವೆ. ಆಮೇಕೆ ತಿನ್ನು." ಊದುತ್ತಿದ್ದೆ, ತಿನ್ನುತ್ತಿದ್ದೆ. ಸಪ್ಪೆಗೂ ಸಿಹಿಗೂ ನಡುವಿನ ರುಚಿ, ಹಲ್ಲಿಗೆ ಸಿಗುವ ಮರಳಿನಂಥ ಬೀಜ. ಮೇಲೆ ಚೆಂದ, ಒಳಗೆಲ್ಲ ಹುಳ ಎಂದು ಕಪಟಿಗಳನ್ನು ಬೈಯಲು ಜನ ಈ ಹಣ್ಣನ್ನೇ ಬಳಸುತ್ತಾರೆ. ಆ ಬೈಗುಳ ಅತ್ತಿಗೆ ಮಾಡಿದ ಅನ್ಯಾಯವೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಹುಳ ಇಲ್ಲದಿದ್ದರೆ ಆ ಹಣ್ಣೇ ಇರುತ್ತಿರಲಿಲ್ಲ.

ಬ್ಲಫ್ ಎಂಬ ಇಂಗ್ಲಿಷ್ ಪದಕ್ಕೆ ಕಡಿದಾದ ದಂಡೆ ಎಂಬುದು ಒಂದರ್ಥ, ಸುಳ್ಳಾಟ ಎಂಬುದು ಇನ್ನೊಂದು. ಊರಿಗೆ ಮೊದಲನೆಯದು ಒಪ್ಪುತ್ತದೆ. ಎರಡನೆಯದನ್ನು ಅತ್ತಿಗೆ ಬಿಟ್ಟುಕೊಡಬಹುದು. ಏಕೆಂದರೆ ನಾವು ಕಾಯಿ ಎನ್ನುವುದು ಕಾಯಲ್ಲ, ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಸಾವಿರಾರು ಹೂಗಳು ಒಳಗೋಡೆಗೆ ಅಂಟಿ ಕತ್ತಲಲ್ಲೇ ಅರಳುತ್ತವೆ. ಅತ್ತಿಹೂ ಕಂಡವರಿಲ್ಲ ಎನ್ನುವುದು ಅದಕ್ಕೇ.

ಕಂಡವಳು ಒಬ್ಬಳಿದ್ದಾಳೆ. ಎರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜ. ಕಾಯಿಯ ತುದಿಯಲ್ಲೊಂದು ಸೂಜಿಮೊನೆಯಷ್ಟು ಬಾಯಿ, ಪದರ ಪದರ ಚಕ್ಕೆಗಳಿಂದ ಮುಚ್ಚಿದ್ದು. ಹೂ ಸಿದ್ಧವಾದಾಗ ಕಾಯಿ ಬೀರುವ ವಾಸನೆ ಹಿಡಿದು ಬಂದವಳು ಆ ಸಂದಿಯಲ್ಲಿ ತಲೆ ತುರುಕುತ್ತಾಳೆ. ನುಗ್ಗುವಾಗ ರೆಕ್ಕೆ ಕಿತ್ತುಹೋಗುತ್ತದೆ, ಮತ್ತೆ ಹೊರಬರುವ ಮಾತಿಲ್ಲ. ತಂದ ಪರಾಗವನ್ನು ಹೂಗಳಿಗೆ ಹಚ್ಚಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತಾಳೆ. ಮೊಟ್ಟೆ ಬಿದ್ದ ಹೂ ಮರಿಗೆ ತೊಟ್ಟಿಲು, ಉಳಿದದ್ದು ಮರಕ್ಕೆ ಬೀಜ. ಇಂಥ ಪಾಲುಗಾರಿಕೆ ನಮ್ಮ ಗದ್ದೆ ವಾರಗಳಲ್ಲೂ ಇಷ್ಟು ನಿಯತ್ತಾಗಿ ನಡೆದದ್ದು ಕಾಣೆ.

ವಾರಗಳ ನಂತರ ಮೊದಲು ಹೊರಬರುವವು ಗಂಡುಗಳು. ರೆಕ್ಕೆಯಿಲ್ಲ. ಇನ್ನೂ ತೊಟ್ಟಿಲಲ್ಲೇ ಇರುವ ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಗೆ ಕನ್ನ ಕೊರೆದು ದಾರಿ ಮಾಡಿಕೊಟ್ಟು ಬಹುಪಾಲು ಅಲ್ಲೇ ಮುಗಿಯುತ್ತವೆ. ಹೆಣ್ಣುಗಳು ಎದೆಯ ಚೀಲಕ್ಕೆ ಪರಾಗ ತುಂಬಿಕೊಂಡು ಆ ಕನ್ನದಿಂದ ಗಾಳಿಗೆ ಹಾರುತ್ತವೆ. ಆಯಸ್ಸು ಒಂದೆರಡು ದಿನ.

ಈ ಪಾಲುಗಾರಿಕೆಗೆ ಕಳ್ಳರೂ ಉಂಟು. ಒಳಗೆ ಹೋಗದೆ ಹೊರಗಿಂದಲೇ ಕೂದಲಿನಂಥ ಕೊಳವೆ ಚುಚ್ಚಿ ಮೊಟ್ಟೆ ತೂರಿಸುವ ಬೇರೆ ಕಣಜಗಳು. ಗಟ್ಟಿ ಕಾಯಿ ಕೊರೆಯುವ ಅಂಥ ಒಂದು ಜಾತಿಯ ಕೊಳವೆಯ ತುದಿಯಲ್ಲಿ ಹಲ್ಲುಗಳಿವೆ, ಆ ಹಲ್ಲುಗಳಲ್ಲಿ ಸತುವಿದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2014ರಲ್ಲಿ ತೋರಿಸಿದರು. ಲೋಹ ತೊಡಿಸಿದ ಬೈರಿಗೆ! ಈ ಕಳ್ಳರನ್ನು ಹಿಡಿಯಲು ಚಗಳಿ ಇರುವೆಗಳು ಕಾಯಿಗಳ ಮೇಲೆ ಗಸ್ತು ತಿರುಗುತ್ತವೆ. ಗಸ್ತಿನವರು ಒಳ್ಳೆಯ ಕಣಜವನ್ನೂ ತಿನ್ನುತ್ತಾರೆ, ಅದು ಬೇರೆ ಮಾತು. ಯಾರೂ ಯಾರಿಗೂ ಉಪಕಾರ ಮಾಡಲು ಬಂದವರಲ್ಲ. ನನಗೆ ಇಲ್ಲಿ ರುಚಿಸುವುದು ಅದೇ.

ಕಣಜಗಳು ಹೊರಟ ಮೇಲೆಯೇ ಹಣ್ಣು ಕೆಂಪಾಗಿ ಮೆತ್ತಗಾಗುವುದು. ಅಂದರೆ ಅಜ್ಜಿ ಊದಿಸುತ್ತಿದ್ದದ್ದು ಹಿಂದುಳಿದವರನ್ನೂ ಆಮೇಲೆ ನುಗ್ಗಿದವರನ್ನೂ. ಆಗ ಊಟದ ಸರದಿ: ಹಗಲಿಗೆ ಕುಟ್ರುಹಕ್ಕಿ, ಪಿಕಳಾರ, ಹಸಿರು ಪಾರಿವಾಳ, ಕೋತಿ, ಇರುಳಿಗೆ ಬಾವಲಿ. ಒಂದು ಮರದ ಹಣ್ಣು ಮುಗಿಯುವಾಗ ಇನ್ನೆಲ್ಲೋ ಒಂದು ಮರದಲ್ಲಿ ಶುರುವಾಗಿರುತ್ತದೆ. ಬೇರೆ ಹಣ್ಣಿಲ್ಲದ ಬೇಸಿಗೆಯಲ್ಲೂ ಅತ್ತಿ ಸಿಗುವುದು ಇದರಿಂದ. ನೀರಿಗೆ ಬಿದ್ದದ್ದು ಮೀನಿನ ಪಾಲು. ಹೊಳೆಯ ಕೆಳಗೆ, ಮುತ್ತತ್ತಿ ಭೀಮೇಶ್ವರಿ ಕಡೆಯ ಮಡುಗಳಲ್ಲಿ ಹಣ್ಣು ನುಂಗುವ ಬಿಳಿಮೀನು, ಅಂದರೆ ಮಹಶೀರ್, ಇದೆ. (ಮುತ್ತತ್ತಿಯ ಹೆಸರಲ್ಲಿ ಅತ್ತಿ ಕೇಳಿಸುತ್ತದಾದರೂ ಸ್ಥಳಪುರಾಣ ಹೇಳುವುದು ಹೊಳೆಗೆ ಬಿದ್ದ ಸೀತೆಯ ಮುತ್ತನ್ನು ಹನುಮಂತ ಎತ್ತಿಕೊಟ್ಟ ಕಥೆ.) ಮೀನಿನ ಹಿಂದೆ ನೀರುನಾಯಿ. ಕಾವೇರಿಯ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಯಲ್ಲಿದೆ. ಅದಕ್ಕೊಂದು ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 2018ರಲ್ಲಿ.

1902ರಲ್ಲಿ ಬ್ಲಫಿನ ಈ ನೀರಿನಿಂದ ಹುಟ್ಟಿ ಹೊರಟ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಶಿವನಸಮುದ್ರದ ಆ ಹೆಮ್ಮೆ ನಮ್ಮದೂ ಹೌದು. ಆದರೆ ನಮೀಬಿಯದ ಹೊಳೆದಂಡೆಯಲ್ಲಿ, ನಮ್ಮ ಅತ್ತಿಯ ನಂಟಿನ ಮರವೊಂದರ ಪರಾಗವನ್ನು ಇದೇ ಕುಲದ ಕಣಜ 160 ಕಿಲೋಮೀಟರ್‌ವರೆಗೆ ಒಯ್ದದ್ದು 2009ರ ಅಧ್ಯಯನದಲ್ಲಿ ಗೊತ್ತಾಯಿತು. ಅದೂ ಕಂಬವಿಲ್ಲದೆ, ತಂತಿಯಿಲ್ಲದೆ, ಬರಿ ಗಾಳಿಯಲ್ಲಿ.

ಬ್ಲಫಿಗೆ ಹೋದಾಗ ಜಲಪಾತ ನೋಡಿ ಮುಗಿದ ಮೇಲೆ ಒಂದು ಅತ್ತಿಮರ ಹುಡುಕಿ. ಪೂರ್ತಿ ಕೆಂಪಾದದ್ದು ಬೇಡ, ಹಸಿರು ಆಗತಾನೇ ತಿರುಗುತ್ತಿರುವ ಒಂದನ್ನು ಒಡೆದು ಅಂಗೈ ಮೇಲೆ ಇಟ್ಟುಕೊಳ್ಳಿ. ಸ್ವಲ್ಪ ಹೊತ್ತು ಊದಬೇಡಿ.